ಎಲೆತಟ್ಟೆಯ ಚಿಪ್ಪು

ನಾನು ಮಂಗಳೂರಿನಲ್ಲಿ ಹೊಲಿಗೆ ಟೀಚರ್ ತರಬೇತಿಗೆ ಸೇರಿದ್ದ ವರ್ಷ. ಒಂದು ಬೆಳಿಗ್ಗೆ ನಮಗೆ ಕಲಿಸುತ್ತಿದ್ದ ಟೀಚರು ಕರಿಹಲಗೆಯ ಉದ್ದಕ್ಕೂ ಅರ್ಧಚಂದ್ರಗಳ ಒಂದು ಸಾಲು ಬರೆದರು. ಒಂದು ಮುಗಿದಲ್ಲಿಂದ ಇನ್ನೊಂದು ಶುರು. "ಇದಕ್ಕೆ ಸ್ಕಾಲಪ್ ಅಂತ ಹೆಸರು. ಪೆಟಿಕೋಟಿನ ಅಂಚಿಗೆ, ದಿಂಬಿನ ಚೀಲಕ್ಕೆ, ಮೇಜಿನ ಬಟ್ಟೆಗೆ ಬರ್ತದೆ. ಪರೀಕ್ಷೆಗೂ ಬರ್ತದೆ" ಎಂದರು. ಪರೀಕ್ಷೆಗೆ ಬರುತ್ತದೆ ಎಂದ ಮೇಲೆ ಎಲ್ಲರೂ ಬಗ್ಗಿ ಬರೆದುಕೊಂಡೆವು. ನನಗೆ ಹೆಸರು ಮಾತ್ರ ಹೊಸತು, ಆಕಾರ ಹಳತು. ಕುಂಬಳೆ ರೈಲು ಸ್ಟೇಶನಿನ ಹೆಂಚಿನ ಮಾಡಿನ ಅಂಚಿಗೆ ಹೊಡೆದ ಮರದ ಹಲಗೆಯಲ್ಲಿ ಅದೇ ಅರ್ಧಚಂದ್ರಗಳನ್ನು ಮದುವೆಯಾಗಿ ಆ ಊರಿಗೆ ಬಂದಂದಿನಿಂದ ನೋಡಿದ್ದೆ. ಹೆಸರು ಗೊತ್ತಿಲ್ಲದೆಯೇ ಒಂದು ತೊಟ್ಟಿಲ ಬಟ್ಟೆಗೆ ಅದೇ ಅಂಚನ್ನು ಕಟ್ಟಿಯೂ ಇದ್ದೆ.

ಆ ಟೀಚರಿಗೆ ಪಾಠದ ನಡುವೆ ಊರ ಸುದ್ದಿ ಹೇಳುವ ಅಭ್ಯಾಸ. ಸೂಜಿಯಿಂದ ಶುರು ಮಾಡಿದರೆ ಸೀಮೆಗೆ ಹೋಗಿ ಬರುತ್ತಿದ್ದರು. "ಈ ಹೆಸರು ಎಲ್ಲಿಂದ ಬಂತು ಗೊತ್ತುಂಟಾ? ಕಡಲಿನ ಒಂದು ಚಿಪ್ಪಿನಿಂದ. ಬೀಸಣಿಗೆಯ ಹಾಗೆ ಗೆರೆಗೆರೆ ಇರ್ತದೆ. ನಮ್ಮ ಮರುವಾಯಿಯ ನೆಂಟ ಅಂತ ಇಟ್ಟುಕೊಳ್ಳಿ" ಎಂದರು. ಮರುವಾಯಿ ಎಂದರೆ ಹೊಳೆ ಕಡಲಿಗೆ ಸೇರುವಲ್ಲಿ ಮರಳು ಕೆದಕಿ ತೆಗೆಯುವ ಚಿಪ್ಪಿನ ಜೀವಿ, ಮೀನು ತಿನ್ನುವವರ ಮನೆಗಳಲ್ಲಿ ಅದರ ಪದಾರ್ಥಕ್ಕೆ ಬಹಳ ಮರ್ಯಾದೆ. ಬಿಳಿಯರ ದೇಶದಲ್ಲಿ ಸ್ಕಾಲಪ್ಪಿನ ಮಾಂಸ ತಿನ್ನುತ್ತಾರಂತೆ. ಬೇರೆ ಏನನ್ನಾದರೂ ಅದೇ ಚಿಪ್ಪಿನಲ್ಲಿಟ್ಟು ಸುಟ್ಟರೆ ಅದಕ್ಕೂ ಅದೇ ಹೆಸರಂತೆ. ಕೊನೆಗೆ ಬಟಾಟೆಯನ್ನು ತೆಳ್ಳಗೆ ಹೆಚ್ಚಿ ಹಾಲು ಹಾಕಿ ಬೇಯಿಸಿದರೆ, ಚಿಪ್ಪಿನ ಸುದ್ದಿಯೇ ಇಲ್ಲದಿದ್ದರೂ, ಅದೂ ಸ್ಕಾಲಪ್ಪೇ ಅಂತೆ. ಯಾತ್ರೆ ಹೋದವರು ಈ ಚಿಪ್ಪನ್ನು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದರಂತೆ. ಟೀಚರು ಕ್ರಿಸ್ತುವರು. ಮಗುವಿನ ತಲೆಗೆ ಇಂಥದೇ ಚಿಪ್ಪಿನಿಂದ ಪಾದ್ರಿಗಳು ನೀರು ಹೊಯ್ಯುವುದನ್ನು ನೋಡಿದ್ದೇನೆ ಎಂದರು. ಶಂಖದಿಂದ ಬಂದರೇ ತೀರ್ಥ ಎಂಬ ಗಾದೆ ನಮ್ಮಲ್ಲಿ ಮಾತ್ರ ಎಂದುಕೊಂಡಿದ್ದೆ, ಅವರಲ್ಲೂ ಒಂದು ಚಿಪ್ಪು ಉಂಟೆಂದು ಅಂದು ತಿಳಿಯಿತು.

ನನ್ನ ಪಕ್ಕದಲ್ಲಿ ಕೂತಿದ್ದವಳು ನಮ್ಮ ಹಾಗೆಯೇ ಮೀನು ಮುಟ್ಟದ ಮನೆಯವಳು. "ಛೀ, ಅದನ್ನೆಲ್ಲ ತಿನ್ನುವುದಾ!" ಎಂದಳು. ನಾನೂ "ಛೀ" ಎಂದೆ. ಅವಳಿಗಿಂತ ಜೋರಾಗಿ ಎಂದೆ, ಅಷ್ಟು ಸಾಲದೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ.

ಟೀಚರು ನಗುತ್ತ, "ನೀವು ಮರುವಾಯಿ ನೋಡಿಯಾದ್ರೂ ಇದ್ದೀರಾ?" ಎಂದು ಕೇಳಿದರು.

"ಇಲ್ಲಪ್ಪ. ನಮ್ಮವರು ಆ ಬೀದಿಯಲ್ಲೇ ಹೋಗುವುದಿಲ್ಲ" ಎಂದೆ.

ಕಿವಿ ಬಿಸಿಯಾಯಿತು. ಅಸಹ್ಯದಿಂದ ಮುಖ ಕೆಂಪಾಗಿದೆ ಎಂದು ಉಳಿದವರು ತಿಳಿದುಕೊಂಡರು. ಆ ದಿನವಿಡೀ ನಾನು ಕಟ್ಟಿದ ಅರ್ಧಚಂದ್ರಗಳು ಒಂದೂ ಸರಿ ಬರಲಿಲ್ಲ. ಕಾರಣ ಹೇಳಬೇಕಾದರೆ ಅದಕ್ಕೂ ಆರೇಳು ವರ್ಷ ಹಿಂದೆ ಹೋಗಬೇಕು.

ನನ್ನ ತವರು ಕುಂಬ್ಡಾಜೆಯ ಗುಡ್ಡದ ಕಡೆ. ಮದುವೆಯಾಗುವವರೆಗೆ ಕಡಲು ಕಂಡವಳಲ್ಲ. ಮದುವೆಯಾದದ್ದು ಕುಂಬಳೆಯ ಹತ್ತಿರದ ಒಂದು ಮನೆಗೆ. ಇವರು ಕನ್ನಡ ಶಾಲೆಯಲ್ಲಿ ಮಾಸ್ತರು, ಮಾವ ಹತ್ತಿರದ ಸಣ್ಣ ದೇವಸ್ಥಾನದಲ್ಲಿ ಪೂಜೆ ಮಾಡುವವರು. ಪೂಜೆಯಿಂದ ಬರುವ ಅಕ್ಕಿಯಲ್ಲಿಯೇ ಮನೆಯ ಹೆಚ್ಚಿನ ಊಟ. ಯುದ್ಧ ಮುಗಿದಿದ್ದರೂ ಅಕ್ಕಿಗೆ ರೇಷನ್ ಇದ್ದ ಕಾಲ ಅದು. ಪೂಜೆ ಭಟ್ಟರ ಮನೆಯ ಮಡಿಯ ಬಗ್ಗೆ ಊರಿನಲ್ಲಿ ಒಂದು ಪಿಸುಮಾತು ಎದ್ದರೆ ಸಾಕು, ಆ ಅಕ್ಕಿ ನಿಲ್ಲುತ್ತಿತ್ತು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಅತ್ತೆಗೆ ನಾನು ಹೆದರುತ್ತಿದ್ದೆ. ಬೈಯುವವರಲ್ಲ. ಬೈದರೆ ತಿರುಗಿ ಅತ್ತುಬಿಡಬಹುದಿತ್ತು. ಅವರು ಜಗಲಿಯಲ್ಲಿ ಕಾಲು ನೀಡಿ ಕೂತು, ಎಲೆಗೆ ಸುಣ್ಣ ಸವರುತ್ತ, ಒಮ್ಮೆ ನನ್ನನ್ನು ನೋಡಿ, ಮತ್ತೆ ಎಲೆಯನ್ನು ನೋಡುತ್ತಿದ್ದರು. ಅಷ್ಟಕ್ಕೇ ನಾನು ಮಾಡದ ತಪ್ಪೆಲ್ಲ ನೆನಪಾಗುತ್ತಿತ್ತು. ಇವರಿಗಿಂತ ಮೊದಲು ಅತ್ತೆಗೆ ಎರಡು ಮಕ್ಕಳಾಗಿ, ಎರಡೂ ತೊಟ್ಟಿಲಲ್ಲೇ ಹೋಗಿದ್ದವು ಎಂದು ಕೇಳಿದ್ದೆ. ಹೇಗೆ ಹೋದವು ಎಂದು ಯಾರೂ ಹೇಳಲಿಲ್ಲ. ಕೇಳುವ ಧೈರ್ಯ ನನಗಿರಲಿಲ್ಲ.

ಮೊದಲ ಹೆರಿಗೆ ತವರಲ್ಲಿ ಆಗಬೇಕು. ನನಗೆ ತಾಯಿ ಇರಲಿಲ್ಲ. "ತಾಯಿ ಇಲ್ಲದ ಮನೆಗೆ ಬಸುರಿಯನ್ನು ಕಳಿಸಿ ಎಂತ ಮಾಡ್ಲಿಕ್ಕುಂಟು? ಇಲ್ಲೇ ಆಗ್ಲಿ" ಎಂದರು ಅತ್ತೆ. ಹಾಗೆ ಹೆಣ್ಣು ಮಗು ಅಲ್ಲೇ ಹುಟ್ಟಿತು. ಹೊರಗಿನ ಬದಿಯ ಕತ್ತಲೆ ಕೋಣೆಯಲ್ಲಿ ನಾನೂ ಮಗುವೂ. ಅಮೆ, ಅಂದರೆ ಹೆರಿಗೆಯ ಸೂತಕ, ಕಳೆಯುವವರೆಗೆ ಬಾಣಂತಿಯನ್ನು ಯಾರೂ ಮುಟ್ಟುವುದಿಲ್ಲ, ಅವಳ ತಟ್ಟೆ ಲೋಟ ಬೇರೆ, ಅವಳ ಕೋಣೆಗೆ ಸೂಲಗಿತ್ತಿಯ ಹೊರತು ಬೇರೆಯವರು ಕಾಲಿಡುವುದಿಲ್ಲ.

ಹಾಲು ಬರಲಿಲ್ಲ.

ಮೊದಲ ದಿನಗಳಲ್ಲಿ ಎಲ್ಲರೂ ಬಂದೀತು ಎಂದರು. ಅತ್ತೆ ಮೆಂತೆ ಗಂಜಿ ಮಾಡಿ ಹೊಸ್ತಿಲಲ್ಲಿ ಇಟ್ಟುಹೋದರು, ಬೆಳ್ಳುಳ್ಳಿ ಹುರಿದಿಟ್ಟರು, ಜೀರಿಗೆ ಕಷಾಯ ಇಟ್ಟರು. ಮಧೂರಿನ ದೇವರಿಗೆ ಅಪ್ಪದ ಸೇವೆ ಹೇಳಿಕೊಂಡರು. ದನದ ಹಾಲಿಗೆ ನೀರು ಬೆರೆಸಿ ಬತ್ತಿಯಲ್ಲಿ ಅದ್ದಿ ಬಾಯಿಗೆ ಇಟ್ಟರೆ ಮಗು ಕುಡಿದಷ್ಟನ್ನೂ ಕಕ್ಕಿತು. ನೋಡಲು ಬಂದ ಹೆಂಗಸರು ಹೊಸ್ತಿಲಾಚೆ ನಿಂತು ಮಗುವನ್ನು ನೋಡುವ ಮೊದಲು ನನ್ನ ಎದೆಯನ್ನು ನೋಡುತ್ತಿದ್ದರು. ನನಗೆ ಗೋಡೆಯ ಒಳಗೆ ಹೋಗಿಬಿಡಬೇಕು ಎನಿಸುತ್ತಿತ್ತು. ದನಕ್ಕೂ ನಾಯಿಗೂ ಆಗುವ ಕೆಲಸ ನನಗೆ ಆಗಲಿಲ್ಲವಲ್ಲ ಎಂಬ ನಾಚಿಕೆ. ಮಗು ಮೊದಲು ಜೋರಾಗಿ ಅಳುತ್ತಿತ್ತು, ಆಮೇಲೆ ಅಳುವ ಸ್ವರ ಸಣ್ಣದಾಗುತ್ತ ಬಂತು. ಅತ್ತೆ ಜಗಲಿಯಿಂದ ಆ ಸ್ವರ ಕೇಳಿ ಎದ್ದು ಬರುತ್ತಿದ್ದರು, ಬಾಗಿಲ ತನಕ ಬಂದು ನಿಂತು, ಒಂದೂ ಮಾತಾಡದೆ ತಿರುಗಿ ಹೋಗುತ್ತಿದ್ದರು. ಅವರಿಗೆ ನನ್ನ ಮೇಲೆ ಕೋಪ ಎಂದು ತಿಳಿದೆ.

ಸೂಲಗಿತ್ತಿ ಹೊಳೆಬದಿಯ ಹೆಂಗಸು, ಬಾಯಿ ದೊಡ್ಡದು. ಅವಳ ತಾಯಿಯೂ ಅದೇ ಮನೆಗೆ ಅದೇ ಕೆಲಸಕ್ಕೆ ಬಂದವಳಂತೆ. ಒಂದು ದಿನ ನನ್ನ ಬೆನ್ನಿಗೆ ಬಿಸಿನೀರು ಹೊಯ್ಯುತ್ತ ಸ್ವರ ತಗ್ಗಿಸಿ ತುಳುವಿನಲ್ಲಿ ಹೇಳಿದಳು: "ಕೋಪ ಮಾಡ್ಬೇಡಿ ಅಮ್ಮಾ. ಮರುವಾಯಿ ಬೇಯಿಸಿದ ನೀರು ನಾಲ್ಕು ದಿನ ಕುಡಿದ್ರೆ ಹಾಲು ಇಳೀತದೆ. ನಮ್ಮಲ್ಲಿ ಎಲ್ಲರಿಗೂ ಅದೇ ಮದ್ದು."

"ಬಾಯಿ ಮುಚ್ಚು" ಎಂದೆ. ಆಮೇಲೆ ಅಳು ಬಂತು. ಸಂಜೆ ಇವರು ಶಾಲೆಯಿಂದ ಬಂದು ಹೊಸ್ತಿಲಾಚೆ ನಿಂತಾಗ ಅವಳ ಮೇಲೆ ದೂರು ಹೇಳುವ ಹಾಗೆ ಹೇಳಿದೆ, "ನೋಡಿ, ಅವಳಿಗೆ ಎಷ್ಟು ಧೈರ್ಯ" ಎಂದು. ಅದು ದೂರೋ ಬೇಡಿಕೆಯೋ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಇವರು ಮಗುವನ್ನೇ ನೋಡುತ್ತ ನಿಂತರು. ಆಮೇಲೆ ಕಾಲು ತೊಳೆಯಲು ಹೋದರು.

ಮರುದಿನ ಸಂಜೆ ಇವರು ನೇರವಾಗಿ ನನ್ನ ಕೋಣೆಯ ಬಾಗಿಲಿಗೆ ಬಂದರು. ಕೈಯಲ್ಲಿ ಶಾಲೆಗೆ ಬುತ್ತಿ ಒಯ್ಯುವ ಎರಡಂತಸ್ತಿನ ಟಿಫಿನ್. ಅದನ್ನು ಹೊಸ್ತಿಲ ಮೇಲಿಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತರು.

"ಬೇಗ ಕುಡಿ."

"ಎಂತದು?"

"ಮದ್ದು."

"ಎಂತ ಮದ್ದು?"

"ಮದ್ದು ಅಂತ ಹೇಳಿದೆನಲ್ಲ ಮಾರಾಯ್ತಿ. ಕುಡಿ, ತಣಿದರೆ ಆಗುವುದಿಲ್ಲಂತೆ."

ಮುಚ್ಚಳ ತೆಗೆದಾಗ ಗೊತ್ತಾಯಿತು. ಸೂಲಗಿತ್ತಿ ತಂದರೆ ಎಲ್ಲರ ಕಣ್ಣಿಗೆ ಬೀಳುತ್ತದೆಂದು, ಶಂಖ ಹಿಡಿದು ಅಭಿಷೇಕ ಮಾಡುವವರ ಮಗ ಅವಳ ಮನೆಯಿಂದ ನನಗೆ ಇದನ್ನು ತಂದಿದ್ದರು. ಗೋಡೆಗೆ ಮುಖ ಮಾಡಿದ್ದ ಇವರ ಕುತ್ತಿಗೆ ಬೆವತು ಹೋಗಿತ್ತು. ಬೇಡ ಎಂದರೆ ಇವರು ಹೊತ್ತುಕೊಂಡು ಬಂದದ್ದು ವ್ಯರ್ಥ, ಕುಡಿದರೆ ನಾನು ಯಾರು ಎಂಬುದೇ ಉಳಿಯುವುದಿಲ್ಲ. ಪಕ್ಕದಲ್ಲಿ ಮಗು ಅಳಲೂ ಆಗದೆ ಬಾಯಿ ತೆರೆದು ಮುಚ್ಚಿತು. ನಾನು ಮೂಗು ಹಿಡಿದು ಕುಡಿದೆ.

ವಾಂತಿ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಕರಿಮೆಣಸು, ಉಪ್ಪು, ಅದರ ಕೆಳಗೆ ಯಾವುದೋ ಸಿಹಿ. ಮೊದಲ ದಿನ ಮೂಗು ಹಿಡಿದು ಕುಡಿದೆ, ಎರಡನೆಯ ದಿನ ಮೂಗು ಹಿಡಿಯುವುದು ಮರೆತುಹೋಯಿತು. ಆಮೇಲೆ ಮಧ್ಯಾಹ್ನವಾದರೆ ಶಾಲೆ ಬಿಡುವ ಹೊತ್ತು ಎಷ್ಟಾಯಿತು ಎಂದು ಅಂಗಳದ ಬೆಳಕು ನೋಡಲು ಶುರುಮಾಡಿದೆ. ಈ ಭಾಗವನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಮಗುವಿಗಾಗಿ ಕುಡಿದೆ ಎಂದರೆ ದೇವರೂ ಕ್ಷಮಿಸಿಯಾನು. ಆದರೆ ನನಗೆ ಅದು ರುಚಿಸಿತು. ಒಂದು ದಿನ ಸೂಲಗಿತ್ತಿ ಸತ್ವ ಇಳಿಯಲಿ ಎಂದು ಒಂದು ಇಡೀ ಚಿಪ್ಪನ್ನೇ ನೀರಿನಲ್ಲಿ ಬಿಟ್ಟು ಕಳಿಸಿದ್ದಳು. ಉಳಿದ ಮರುವಾಯಿಯ ಹಾಗಲ್ಲ, ಬೀಸಣಿಗೆಯಂತೆ ಗೆರೆಗೆರೆಯಾಗಿ ಬಿಡಿಸಿಕೊಂಡ, ಅಂಚು ಅಲೆಅಲೆಯಾದ ಚಿಪ್ಪು. ಬಲೆಯಲ್ಲಿ ಅಪರೂಪಕ್ಕೆ ಬೆರೆತು ಬರುತ್ತದಂತೆ, ಅದಕ್ಕೆಂದೇ ಒಂದು ಹೆಸರು ಅವಳಿಗೂ ಗೊತ್ತಿರಲಿಲ್ಲ. ನೀರು ಕುಡಿಯುವುದಷ್ಟೇ ಮದ್ದು, ಚಿಪ್ಪಿನೊಳಗಿನದು ಮದ್ದಲ್ಲ. ಇವರು ಗೋಡೆಯ ಕಡೆ ತಿರುಗಿ ನಿಂತಿದ್ದಾಗ ನಾನು ಅದನ್ನೂ ಬೆರಳಿನಿಂದ ಬಿಡಿಸಿ ತಿಂದೆ.

ಹಾಲು ಬಂತು. ಮರುವಾಯಿಯಿಂದ ಬಂತೋ, ಮೆಂತೆಯಿಂದ ಬಂತೋ, ಮಧೂರಿನ ದೇವರಿಂದ ಬಂತೋ ನಾನು ಹೇಳಲಾರೆ. ಮಗು ಕುಡಿದು ನಿದ್ದೆ ಹೋಯಿತು. ಅಷ್ಟು ದಿನಗಳಲ್ಲಿ ಮೊದಲ ಬಾರಿಗೆ ಹೊಟ್ಟೆ ತುಂಬಿ ನಿದ್ದೆ ಹೋದ ಮಗುವಿನ ಮುಖ ನೋಡುತ್ತ ನಾನು ಅತ್ತುಬಿಟ್ಟೆ. ಸಂತೋಷಕ್ಕೆ ಅತ್ತದ್ದು ಅರ್ಧ, ಇನ್ನು ಇವರು ಟಿಫಿನ್ ತರುವುದಿಲ್ಲವಲ್ಲ ಎಂಬುದು ಗೊತ್ತಾಗಿ, ಅದು ಗೊತ್ತಾದಾಗ ಬೇಜಾರಾಯಿತಲ್ಲ ಎಂದು ನನ್ನ ಮೇಲೆಯೇ ಹೇಸಿಗೆಯಾಗಿ ಅತ್ತದ್ದು ಇನ್ನರ್ಧ.

ಇವರ ಪಾಡು ಬೇರೆ. ಆ ದಿನಗಳಲ್ಲಿ ಸಂಜೆ ಬಂದವರೇ ಟಿಫಿನ್ನನ್ನು ಬಚ್ಚಲ ಕಡೆ ಒಯ್ದು ತಾವೇ ತಿಕ್ಕುತ್ತಿದ್ದರು, ತಿಕ್ಕಿ ಮೂಸುತ್ತಿದ್ದರು, ಮತ್ತೆ ತಿಕ್ಕುತ್ತಿದ್ದರು. ಆಮೇಲೆ ತಲೆಗೆ ಸ್ನಾನ. "ಎಂತ ಈ ಹೊತ್ತಿಗೆ ಸ್ನಾನ?" ಎಂದು ಅತ್ತೆ ಕೇಳುವುದು ಕೋಣೆಗೆ ಕೇಳಿಸುತ್ತಿತ್ತು. "ಬೆವರು" ಎನ್ನುತ್ತಿದ್ದರು ಇವರು. ಮಳೆಗಾಲದಲ್ಲಿ ಬೆವರಂತೆ! ಮಾಸ್ತರರಾದರೂ ಸುಳ್ಳು ಹೇಳುವುದರಲ್ಲಿ ಮಹಾ ದಡ್ಡರು. ಕೆಲಸ ಮುಗಿದ ಮೇಲೆ ಟಿಫಿನ್ ಸೋರುತ್ತದೆ ಎಂದು ಅದನ್ನು ಅಟ್ಟಕ್ಕೆ ಎಸೆದು, ಬಾಳೆಲೆಯಲ್ಲಿ ಬುತ್ತಿ ಕಟ್ಟಿಸಿಕೊಂಡು ಹೋದರು.

ಚಿಪ್ಪು ನನ್ನಲ್ಲೇ ಉಳಿಯಿತು. ಬಾಣಂತಿಗೆ ಅಂಗಳಕ್ಕೆ ಇಳಿಯಲಿಕ್ಕಿಲ್ಲ, ಎಸೆಯುವುದೆಲ್ಲಿ? ಬಚ್ಚಲ ಒಲೆಗೆ ಹಾಕಿದರೆ ಬೂದಿಯಲ್ಲಿ ಸಿಕ್ಕೀತು. ಬಟ್ಟೆಯಲ್ಲಿ ಕಟ್ಟಿ ತಲೆದಿಂಬಿನ ಕೆಳಗಿಟ್ಟೆ. ನಿಜ ಹೇಳಬೇಕೆಂದರೆ ಎಸೆಯುವ ಮನಸ್ಸೂ ಇರಲಿಲ್ಲ, ಅದು ಚೆಂದ ಇತ್ತು.

ಮಗು ಬಡಕಲಾಗಿದ್ದುದರಿಂದ ತೊಟ್ಟಿಲಿಗೆ ಹಾಕುವ ಶಾಸ್ತ್ರವನ್ನು ಮುಂದೂಡಿದ್ದರು. ನಾನು ಕೋಣೆಯಿಂದ ಹೊರಬಂದ ಮೇಲೆ, ಅತ್ತೆ ಅಟ್ಟದಿಂದ ಹಳೆಯ ತೊಟ್ಟಿಲನ್ನು ಇಳಿಸಿ, ತಾವೇ ತೊಳೆದು ಒಣಗಿಸಿದರು. ತೊಟ್ಟಿಲಿನ ಸುತ್ತ ಇಳಿಬಿಡಲು ಒಂದು ಬಟ್ಟೆ ಬೇಕು ಎಂದಾಗ ನಾನು ಹೊಲಿಯುತ್ತೇನೆ ಎಂದೆ. ಇವರ ಹಳೆಯ ಪಂಚೆಯಲ್ಲಿ ಗಟ್ಟಿ ಉಳಿದಿದ್ದ ಭಾಗವನ್ನು ಕತ್ತರಿಸಿದೆ. ಅಂಚಿಗೆ ಏನು ಮಾಡಲಿ ಎಂದು ಯೋಚಿಸುವಾಗ ಸ್ಟೇಶನಿನ ಮಾಡಿನ ಹಲಗೆ ನೆನಪಾಯಿತು. ಎಲ್ಲ ಅರ್ಧಚಂದ್ರಗಳೂ ಒಂದೇ ಸಮ ಬರಬೇಕಾದರೆ ಇಟ್ಟು ಗೀಚಲು ಏನಾದರೂ ಬೇಕು. ಮುಚ್ಚಳಗಳು ದೊಡ್ಡದಾದವು, ಕಾಸು ಸಣ್ಣದಾಯಿತು. ಚಿಪ್ಪು ಅಳತೆ ಮಾಡಿದ ಹಾಗೆ ಸರಿಯಾಯಿತು. ಕೋಣೆಯ ಬಾಗಿಲು ಎಳೆದುಕೊಂಡು ಇದ್ದಲ ಚೂರಿನಿಂದ ಗುರುತು ಹಾಕಿದೆ. ಗುರುತಿನ ಮೇಲೆ ಕೆಂಪು ನೂಲಿನಲ್ಲಿ ಗುಂಡಿಯ ಕಾಜಾಕ್ಕೆ ಹಾಕುವ ಹೊಲಿಗೆಯನ್ನು ಒತ್ತೊತ್ತಾಗಿ ಹಾಕಿ, ಹೊರಗಿನ ಬಟ್ಟೆಯನ್ನು ಕತ್ತರಿಸಿ ತೆಗೆದೆ. ನನ್ನ ಕೈಯಲ್ಲಿ ಅಷ್ಟು ಚೆಂದದ ಕೆಲಸ ಅದುವರೆಗೆ ಆದದ್ದಿಲ್ಲ.

ಕೆಲಸ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಮಗು ಎದ್ದಿತು ಎಂದು ನಾನು ಒಳಗೆ ಹೋಗಿದ್ದೆ. ತಿರುಗಿ ಬಂದರೆ ಅತ್ತೆ ನನ್ನ ಹೊಲಿಗೆ ಪೆಟ್ಟಿಗೆಯ ಮುಂದೆ ಕೂತಿದ್ದಾರೆ. ಚಿಪ್ಪು ಅವರ ಅಂಗೈಯಲ್ಲಿದೆ.

"ಇದು ಎಲ್ಲಿಂದ?"

"ಕಡಲ ಕರೆಯಿಂದ" ಎಂದೆ. ನಾನು ಕಡಲ ಕರೆಗೆ ಹೋಗದೆ ವರ್ಷವಾಗಿತ್ತು.

ಅತ್ತೆ ಅದನ್ನು ಮಗುಚಿ ನೋಡಿದರು, ಉಗುರಿನಿಂದ ಕೆರೆದರು. "ಸುಣ್ಣ ಹಾಕ್ಲಿಕ್ಕೆ ಒಳ್ಳೇದುಂಟು. ನನ್ನ ಡಬ್ಬಿ ತುಕ್ಕು ಹಿಡಿದಿದೆ" ಎಂದು ಎದ್ದು ಹೋದರು. ಜಗಲಿಯಲ್ಲಿ ಕೂತು ಡಬ್ಬಿಯ ಸುಣ್ಣವನ್ನೆಲ್ಲ ಚಿಪ್ಪಿಗೆ ತುಂಬಿಸಿ, ಎಲೆತಟ್ಟೆಯಲ್ಲಿ ಅಡಿಕೆಯ ಪಕ್ಕ ಇಟ್ಟುಕೊಂಡರು. ಎಲೆಗೆ ಹಾಕುವ ಸುಣ್ಣವೇ ಚಿಪ್ಪು ಸುಟ್ಟು ಮಾಡಿದ್ದು, ಮಡಿಯವರೆಲ್ಲ ಅದನ್ನೇ ತಿನ್ನುವುದು. ಕಡಲು ತೊಳೆದು ಕರೆಗೆ ಹಾಕಿದ ಚಿಪ್ಪಿಗೆ ಮೈಲಿಗೆ ಇಲ್ಲ. ಆದರೆ ಇದು ಕಡಲು ತೊಳೆದದ್ದಲ್ಲ, ನನ್ನ ಬೆರಳು ತೊಳೆದದ್ದು. ಬೇಡ ಎನ್ನಲು ಬಾಯಿ ತೆರೆದೆ. ಯಾಕೆ ಬೇಡ ಎಂದು ಕೇಳಿದರೆ? ಬಾಯಿ ಮುಚ್ಚಿದೆ.

ತೊಟ್ಟಿಲ ಶಾಸ್ತ್ರದ ದಿನ ಹೆಂಗಸರು ಬಂದು ಮಗುವನ್ನು ಹಾಡಿ ತೂಗಿದರು. ಆಮೇಲೆ ಎಲೆಯಡಿಕೆಗೆ ಕೂತಾಗ ಎಲ್ಲರ ಕಣ್ಣು ಬಟ್ಟೆಯ ಮೇಲೆ. ಅವರಲ್ಲಿ ಒಬ್ಬರು ಇನ್ನೊಂದು ದೇವಸ್ಥಾನದ ಪೂಜೆಯವರ ಹೆಂಡತಿ. ಬೇರೆ ಮನೆಯ ಬಾವಿಯ ನೀರೂ ಕುಡಿಯದಷ್ಟು ಮಡಿ. ಅಂಚನ್ನು ಬೆರಳಿನಿಂದ ಹಿಡಿದು ನೋಡಿ ಅವರೇ ಕೇಳಿದರು: "ಎಂತ ಚೆಂದ! ಎಲ್ಲ ಒಂದೇ ಹಾಗೆ ಉಂಟಲ್ಲ. ಎಂತದರಲ್ಲಿ ಗುರುತು ಹಾಕಿದ್ದು?"

ಮುಚ್ಚಳ ಎನ್ನಬಹುದಿತ್ತು, ಕರಟ ಎನ್ನಬಹುದಿತ್ತು. ಒಂದೂ ಹೊಳೆಯಲಿಲ್ಲ. ಅಂಗಳದ ಬದಿಯಲ್ಲಿ ಸೂಲಗಿತ್ತಿ ತನ್ನ ಸೀರೆ, ಅಕ್ಕಿ, ತೆಂಗಿನಕಾಯಿಗೆ ಕಾದು ಕೂತಿದ್ದಳು. ಅವಳ ಬಾಯಿ ತೆರೆಯುವುದನ್ನು ಕಂಡೆ.

ಅತ್ತೆ ಎಲೆತಟ್ಟೆಯನ್ನು ಮುಂದಕ್ಕೆ ದೂಡಿದರು. "ಇಕೊಳ್ಳಿ, ನನ್ನ ಸುಣ್ಣದ ಚಿಪ್ಪು. ಅದರಲ್ಲೇ ಹಾಕಿದ್ದು" ಎಂದರು.

ಹೆಂಗಸರು ಚಿಪ್ಪನ್ನು ಕೈಯಿಂದ ಕೈಗೆ ದಾಟಿಸಿ ನೋಡಿದರು. ನೋಡಿದವರೆಲ್ಲ ಬೆರಳ ತುದಿಯಲ್ಲಿ ಒಂದಿಷ್ಟು ಸುಣ್ಣ ತೆಗೆದು ಎಲೆಗೆ ಸವರಿಕೊಂಡರು. ಬೇರೆ ಬಾವಿಯ ನೀರು ಕುಡಿಯದವರೂ ಸವರಿಕೊಂಡರು, ಎರಡು ಸಲ. ನಾನು ತೊಟ್ಟಿಲನ್ನು ತೂಗುವ ನೆವ ಮಾಡಿ ತಲೆ ತಗ್ಗಿಸಿದೆ. ಬೇರೆ ಯಾರಾದರೂ ಈ ಕತೆ ಹೇಳಿದ್ದರೆ ನಾನೇ ಹೊಟ್ಟೆ ಹಿಡಿದು ನಗುತ್ತಿದ್ದೆ. ಅಂದು ಮಾತ್ರ ಅಷ್ಟು ಜನರ ಬಾಯಿಗೆ ನನ್ನ ಎಂಜಲು ಹಾಕಿದ ಹಾಗೆ ಅನಿಸಿತು.

"ಮಗು ದುಂಡಗಾಯ್ತಲ್ಲ ಅಮ್ಮಾ, ನನ್ನ ಮದ್ದು!" ಎಂದಳು ಸೂಲಗಿತ್ತಿ ಅಂಗಳದಿಂದ.

"ಹೌದು, ನೀನು ಹೇಳಿದ ಜೀರಿಗೆ ಕಷಾಯ ಒಳ್ಳೇದು" ಎಂದು ಅತ್ತೆ ಅಲ್ಲಿಂದಲೇ ಹೇಳಿ, ಅವಳಿಗೆ ಕೊಡುವುದನ್ನು ಕೊಡಲು ಎದ್ದರು.

ಆಮೇಲಿನ ವರ್ಷಗಳಲ್ಲಿ ದಿನಕ್ಕೆ ಎಷ್ಟು ಸಲ ಆ ಚಿಪ್ಪನ್ನು ನಾನು ಮುಟ್ಟಿದ್ದೇನೋ. "ಕೂಸೇ, ಚಿಪ್ಪು ತಾ" ಎನ್ನುತ್ತಿದ್ದರು ಅತ್ತೆ. ಡಬ್ಬಿ ಎನ್ನುತ್ತಿರಲಿಲ್ಲ, ಸುಣ್ಣ ಎನ್ನುತ್ತಿರಲಿಲ್ಲ, ಚಿಪ್ಪು ಎಂದೇ ಹೇಳುತ್ತಿದ್ದರು. ಆ ಶಬ್ದ ಕೇಳಿದಾಗಲೆಲ್ಲ ನಾನು ಚಿಪ್ಪನ್ನು ತಂದಿಟ್ಟು, ಅವರ ಮುಖ ನೋಡದೆ ಒಳಗೆ ಹೋಗಿಬಿಡುತ್ತಿದ್ದೆ. ಇವರ ಹತ್ತಿರ ಒಮ್ಮೆ ಹೇಳಿದೆ, ಅದನ್ನು ಹೇಗಾದರೂ ತಪ್ಪಿಸಿ ಎಂದು. ಇವರು ಪೇಪರಿನಿಂದ ತಲೆ ಎತ್ತದೆ "ಯಾವ ಚಿಪ್ಪು?" ಎಂದರು. ನಮ್ಮಿಬ್ಬರ ನಡುವೆಯೂ ಆ ಮಾತು ಅಲ್ಲಿಗೇ ಮುಗಿಯಿತು. ಗಂಡಹೆಂಡಿರು ಒಬ್ಬರ ಮುಖ ಒಬ್ಬರು ನೋಡಲಾರದ ಸಂಗತಿ ನಮ್ಮಲ್ಲಿ ಅದೊಂದೇ. ಊರಿನಲ್ಲಿ ಯಾರಾದರೂ ಮೀನು ತಿನ್ನುವವರನ್ನು ಆಡಿಕೊಂಡರೆ ನಾನು ಎಲ್ಲರಿಗಿಂತ ಮುಂದೆ ನಿಂತು ಆಡಿಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬಾರದಲ್ಲ.

ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದಾಗ ಇವರು ನನ್ನನ್ನು ಹೊಲಿಗೆ ತರಬೇತಿಗೆ ಕಳಿಸಿದರು. ಆ ತೊಟ್ಟಿಲ ಬಟ್ಟೆ ನೋಡಿದ ಹೆಡ್‌ಮಾಸ್ತರರ ಹೆಂಡತಿಯ ಮಾತಿನಿಂದಲೇ ಅದು ಆದದ್ದು. ಅಲ್ಲಿ ನಾನು "ಛೀ" ಎಂದದ್ದು. ತರಬೇತಿ ಮುಗಿಸಿ ಊರಿಗೆ ಬಂದ ಮೇಲೆ ಮತ್ತೆ ಬಸುರಿಯಾದದ್ದು. ಸಂತೋಷವಾಗಬೇಕಿತ್ತು. ಆಗಲಿಲ್ಲ, ಹೆದರಿಕೆಯಾಯಿತು. ಮತ್ತೆ ಹಾಲು ಬಾರದಿದ್ದರೆ? ಆಗ ಹತ್ತೊಂಬತ್ತರ ಹುಡುಗಿ, ಏನೂ ತಿಳಿಯದವಳು ಎಂದು ನನಗೆ ನಾನೇ ಹೇಳಿಕೊಳ್ಳಬಹುದಿತ್ತು. ಈಗ ಶಾಲೆಯಲ್ಲಿ ಟೀಚರ್. ಅದು ರುಚಿಯಾಗಿರುತ್ತದೆ ಎಂದೂ ಗೊತ್ತು.

ತಿಂಗಳು ತುಂಬುತ್ತ ಬಂದ ಒಂದು ಮಧ್ಯಾಹ್ನ ಮಾವ ದೇವಸ್ಥಾನದಲ್ಲಿದ್ದರು, ಇವರು ಶಾಲೆಯಲ್ಲಿ. ಅತ್ತೆ ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು, ನಾನು ಕಂಬಕ್ಕೆ ಒರಗಿ ಕೂತು ಹಳೆಯ ತೊಟ್ಟಿಲ ಬಟ್ಟೆಯ ಬಿಚ್ಚಿಹೋದ ಅಂಚನ್ನು ಮತ್ತೆ ಹೊಲಿಯುತ್ತಿದ್ದೆ.

"ಕೂಸೇ" ಎಂದರು ಅತ್ತೆ. "ಈ ಸಲ ಹಾಲು ಬಾರದಿದ್ರೆ ಅಷ್ಟು ದಿನ ಕಾಯ್ಲಿಕ್ಕೆ ಹೋಗ್ಬೇಡ. ಸೂಲಗಿತ್ತಿಯತ್ರ ಮೊದಲೇ ಹೇಳಿ ಇಡು. ಆ ಟಿಫಿನ್ ಬೇಡ, ಅದರ ಸಂದಿಯಲ್ಲಿ ವಾಸನೆ ನಿಲ್ತದೆ. ಮಡಕೆಯಲ್ಲಿ ತರ್ಲಿ. ಮಡಕೆಯಾದ್ರೆ ಒಡೆದು ಬಿಸಾಡ್ಲಿಕ್ಕೆ ಆಗ್ತದೆ."

ಸೂಜಿ ಬೆರಳಿಗೆ ಚುಚ್ಚಿತು. ತಲೆ ಎತ್ತಲು ಆಗಲಿಲ್ಲ. ಮುಖವನ್ನು ಎಲ್ಲಿ ಇಡಲಿ ಎಂದು ತಿಳಿಯದೆ ಕೈಯಲ್ಲಿದ್ದ ಬಟ್ಟೆಯನ್ನೇ ನೋಡಿದೆ. ಅಲ್ಲಿ ಚಿಪ್ಪಿನ ಅಂಚು ಸಾಲಾಗಿ ಕೂತಿತ್ತು.

"ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?"

"ಮೊದಲ ದಿನವೇ. ಅನ್ನದ ಟಿಫಿನ್ ತಿಕ್ಕಲಿಕ್ಕೆ ಯಾವ ಗಂಡಸು ಒಲೆಯ ಬೂದಿಯೆಲ್ಲ ಖಾಲಿ ಮಾಡ್ತಾನೆ?"

"ಮಾವನಿಗೆ?"

"ಅವರಿಗೆ ಎಂತಕ್ಕೆ? ಅವರಿಗೆ ದೇವರ ಕೆಲಸವೇ ಸಾಕಷ್ಟು ಉಂಟು."

"ಚಿಪ್ಪು..." ಎಂದೆ.

"ನಿನ್ನ ಪೆಟ್ಟಿಗೆಯಲ್ಲಿದ್ರೆ ಬಂದವರು ಇದೆಂತ ಅಂತ ಕೇಳ್ತಾರೆ. ನನ್ನ ಎಲೆತಟ್ಟೆಯಲ್ಲಿದ್ರೆ ಯಾರು ಕೇಳ್ತಾರೆ?"

ನನಗೆ ಆಗ ಇನ್ನೂ ನಾಚಿಕೆಯಾಯಿತು. ಇಷ್ಟು ವರ್ಷ ಅತ್ತೆಯ ಮುಂದೆ ಕಳ್ಳಿಯ ಹಾಗೆ ಓಡಾಡಿದೆನಲ್ಲ, ಅವರು ದಿನಾ ನೋಡಿದ್ದರಲ್ಲ ಎಂದು. ಮೈಲಿಗೆಯಾದ ಸೊಸೆಯ ಕೈಯಿಂದ ದಿನವೂ ಆ ಚಿಪ್ಪನ್ನು ಕೇಳಿ ತರಿಸಿಕೊಂಡು, ಅದೇ ಸುಣ್ಣ ತಿಂದವರ ಬಗ್ಗೆ ನಾನು ಏನೆಲ್ಲ ತಿಳಿದುಕೊಂಡಿದ್ದೆ!

"ನಿಮಗೆ ಸಿಟ್ಟು ಬರಲಿಲ್ವಾ?" ಎಂದೆ.

ಅತ್ತೆ ಅಡಕತ್ತರಿಯನ್ನು ತಟ್ಟೆಯಲ್ಲಿಟ್ಟರು. ಅಂಗಳದ ಕಡೆ ನೋಡಿದರು.

"ಈಗಿನವಳ ತಾಯಿ ಉಂಟಲ್ಲ, ನನ್ನ ಬಾಣಂತನಕ್ಕೆ ಬರ್ತಿದ್ದವಳು. ಅವಳೂ ಇದೇ ಮಾತು ಹೇಳಿದ್ಳು. ಮೊದಲನೆಯದಕ್ಕೂ ಹೇಳಿದ್ಳು, ಎರಡನೆಯದಕ್ಕೂ ಹೇಳಿದ್ಳು. ನಾನು ಬೈದು ಓಡಿಸಿದೆ. ನೀನೂ ಬೈದಿರ್ಬೇಕು. ನಿನ್ನ ಬೈಗಳು ಕೇಳದೆ ತರುವವನು ಒಬ್ಬ ಇದ್ದ." ಕತ್ತರಿಸಿದ ಅಡಿಕೆಯನ್ನು ಬೆರಳಿನಿಂದ ಒಟ್ಟುಮಾಡುತ್ತ ಹೇಳಿದರು, "ಹೇಳುವವರು ನನಗೂ ಇದ್ರು ಕೂಸೇ. ತಂದುಕೊಡುವವರು ಇರ್ಲಿಲ್ಲ."

ನನ್ನ ಮಗುವಿನ ಸ್ವರ ಸಣ್ಣದಾದ ದಿನಗಳಲ್ಲಿ ಬಾಗಿಲ ತನಕ ಬಂದು ಮಾತಾಡದೆ ತಿರುಗಿ ಹೋಗುತ್ತಿದ್ದ ಹೆಂಗಸು ಕಣ್ಣಿಗೆ ಬಂತು. ಅದನ್ನು ನಾನು ಕೋಪ ಎಂದು ಓದಿದ್ದೆ. ಮಂಗಳೂರಿನ ತರಗತಿಯಲ್ಲಿ ಮೂಗು ಮುಚ್ಚಿಕೊಂಡು ಎಲ್ಲರಿಗಿಂತ ಜೋರಾಗಿ ನಾನು "ಛೀ" ಎಂದದ್ದೂ ಆಗಲೇ ನೆನಪಾಯಿತು. ಅದುವರೆಗೆ ಪಟ್ಟ ನಾಚಿಕೆಯೆಲ್ಲ ತಿಂದದ್ದಕ್ಕೆ. ಈಗ ಆದ ನಾಚಿಕೆ ಆ ಒಂದು ಶಬ್ದಕ್ಕೆ.

ಅತ್ತೆ ಒಂದು ಎಲೆ ತೆಗೆದು ತೊಡೆಯ ಮೇಲೆ ಒರೆಸಿದರು. ತೊಟ್ಟು ಮುರಿದರು. ಆಮೇಲೆ ನನ್ನ ಕಡೆ ನೋಡದೆ, ಸಣ್ಣ ಮಕ್ಕಳು ಕೇಳುವ ಹಾಗೆ ಕೇಳಿದರು:

"ಅದರ ರುಚಿ ಹೇಗಿರ್ತದೆ?"

ಗೊತ್ತಿಲ್ಲ, ಮೂಗು ಹಿಡಿದು ಕುಡಿದದ್ದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.

"ಒಳ್ಳೇದಿತ್ತು ಅತ್ತೆ" ಎಂದೆ.

"ಹೌದಾ" ಎಂದರು. ಚಿಪ್ಪಿನಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು, ಎಲೆಗೆ ನಿಧಾನವಾಗಿ ಸವರಿ, ಮಡಚಿ ಬಾಯಿಗೆ ಹಾಕಿಕೊಂಡು, ಬಹಳ ಹೊತ್ತು ಜಗಿಯುತ್ತ ಕೂತರು.